ಕಲ್ಲಿನ ಗುರುತು, ಚಿನ್ನದ ಆಸೆ

ಅಕ್ಕಂದಿರೇ, ಆಕಾಶದ ಮೋಡ ನೋಡಿದ್ದೀರಿ ತಾನೇ? ಒಂದು ಗಳಿಗೆ ಆನೆಯ ಹಾಗೆ ಕಾಣುತ್ತದೆ. ಇನ್ನೊಂದು ಗಳಿಗೆಗೆ ಮುದುಕಿಯ ಮುಖದ ಹಾಗೆ ಕಾಣುತ್ತದೆ. ಮೋಡದಲ್ಲಿ ಆನೆ ಇದೆಯೇ? ಇಲ್ಲ. ಆನೆ ಇರುವುದು ನಮ್ಮ ಮನಸ್ಸಿನಲ್ಲಿ.

ಕಲ್ಲಿನ ವಿಷಯವೂ ಹೀಗೆಯೇ. ಗುಡ್ಡದ ಮೇಲಿನ ಬಂಡೆ ಒಬ್ಬರಿಗೆ ಬಸವಣ್ಣನ ಹಾಗೆ ಕಾಣುತ್ತದೆ. ಇನ್ನೊಬ್ಬರಿಗೆ ಕಪ್ಪೆಯ ಹಾಗೆ ಕಾಣುತ್ತದೆ. ಕಂಡರೆ ಕಾಣಲಿ, ಅದರಿಂದ ಏನೂ ತೊಂದರೆ ಇಲ್ಲ. ಆದರೆ ಯಾರೋ ಬಂದು, "ಈ ಕಪ್ಪೆ ಸುಮ್ನೆ ಕೂತಿಲ್ಲ. ಅದರ ಬಾಯಿ ಇರೋ ಕಡೆ ಅಗೆದರೆ ಕೊಪ್ಪರಿಗೆ ಚಿನ್ನ ಇದೆ" ಅಂದರೆ? ಆಗ ತೊಂದರೆ ಶುರುವಾಗುತ್ತದೆ.

ಇಂಥ ಮಾತನ್ನು ನಂಬಿ ಮನೆ ಮಾರಿದವರಿದ್ದಾರೆ. ಪ್ರಾಣ ಕಳೆದುಕೊಂಡವರೂ ಇದ್ದಾರೆ. ನಮ್ಮ ದೇಶದಲ್ಲಿ ಮಾತ್ರ ಅಲ್ಲ, ದೂರದ ಅಮೆರಿಕದಲ್ಲೂ ಇದ್ದಾರೆ. ಮೊದಲು ಅಲ್ಲಿನ ಕಥೆ ತಿಳಿಯೋಣ.

ಚಿನ್ನ ಹುಡುಕಿ ಬಂದವರು

ಸ್ಪೇನ್ ಎನ್ನುವುದು ಯುರೋಪಿನ ಒಂದು ದೇಶ. 1492ರಲ್ಲಿ ಆ ದೇಶದ ಹಡಗುಗಳು ಕೊಲಂಬಸ್ ಎಂಬಾತನ ಜೊತೆ ಹೊರಟವು. ಅವನು ಹುಡುಕುತ್ತಿದ್ದುದು ನಮ್ಮ ಏಷ್ಯಾದ ಕಡೆಯ ದಾರಿಯನ್ನು. ತಲುಪಿದ್ದು ಅಮೆರಿಕವನ್ನು. ಆಮೇಲೆ ಸ್ಪೇನಿನ ಸೈನಿಕರು ಗುಂಪು ಗುಂಪಾಗಿ ಅಲ್ಲಿಗೆ ಹೋದರು. 1521ರಲ್ಲಿ ಮೆಕ್ಸಿಕೊ ದೇಶದ ರಾಜಧಾನಿಯನ್ನು ಗೆದ್ದರು. ಪೆರು ದೇಶದ ರಾಜನನ್ನು 1532ರಲ್ಲಿ ಸೆರೆ ಹಿಡಿದರು. ಬಿಡುಗಡೆಗೆಂದು ರಾಶಿ ರಾಶಿ ಚಿನ್ನ ಕಿತ್ತುಕೊಂಡರು. ಮರುವರ್ಷ ಅವನನ್ನು ಕೊಂದೂ ಬಿಟ್ಟರು. ಇದು ಕಥೆಯಲ್ಲ, ನಡೆದ ಸಂಗತಿ.

ಇಷ್ಟು ಚಿನ್ನ ಕಂಡವರ ಆಸೆಗೆ ಮಿತಿ ಉಂಟೇ? ಉತ್ತರದಲ್ಲಿ ಚಿನ್ನದ ಏಳು ಊರುಗಳಿವೆ ಎಂಬ ಸುದ್ದಿ ಹಬ್ಬಿತು. 1540ರಲ್ಲಿ ಕೊರೊನಾಡೊ ಎಂಬ ದಳಪತಿ ದೊಡ್ಡ ದಂಡು ಕಟ್ಟಿಕೊಂಡು ಹೊರಟ. ಇಂದಿನ ಅಮೆರಿಕ ದೇಶದ ಅರಿಜೋನಾ, ನ್ಯೂ ಮೆಕ್ಸಿಕೊ ರಾಜ್ಯಗಳಲ್ಲಿ ಅಲೆದ. ಅವನಿಗೆ ಸಿಕ್ಕಿದ್ದೇನು? ಕಲ್ಲು ಮಣ್ಣಿನ ಮನೆಗಳು. ಜೋಳ ಬೆಳೆಯುವ ಜನ. ಚಿನ್ನದ ಊರು ಒಂದೂ ಇರಲಿಲ್ಲ. 1542ರಲ್ಲಿ ಬರಿಗೈಯಲ್ಲಿ ವಾಪಸ್ ಬಂದ. ದೂರದ ಬೆಟ್ಟ ನುಣ್ಣಗೆ!

1821ರಲ್ಲಿ ಮೆಕ್ಸಿಕೊ ಸ್ವತಂತ್ರವಾಯಿತು. ಅಲ್ಲಿ ಸ್ಪೇನಿನ ಆಳ್ವಿಕೆ ಮುಗಿಯಿತು. ಆಳಿದವರು ಹೋದರೂ ಚಿನ್ನದ ಕಥೆಗಳು ಹೋಗಲಿಲ್ಲ. "ಸ್ಪೇನಿನವರು ಗುಟ್ಟಾಗಿ ಗಣಿ ತೋಡಿದ್ದರು. ಹೋಗುವಾಗ ಚಿನ್ನ ಹೂತಿಟ್ಟು ಹೋದರು. ದಾರಿ ಮರೆಯಬಾರದು ಅಂತ ಬಂಡೆಗಳ ಮೇಲೆ ಗುರುತು ಮಾಡಿದರು" ಎಂದು ಜನ ಹೇಳತೊಡಗಿದರು.

ಬಂಡೆಯನ್ನು ಓದುವವರು

ಇಂದಿಗೂ ಅಮೆರಿಕದಲ್ಲಿ ಇಂಥ ಗುರುತು ಹುಡುಕುವವರು ಇದ್ದಾರೆ. ಬೆಟ್ಟ ಹತ್ತುತ್ತಾರೆ. ಬಂಡೆಗಳ ಫೋಟೋ ತೆಗೆಯುತ್ತಾರೆ. ಪ್ರತಿ ಆಕಾರಕ್ಕೂ ಒಂದು ಅರ್ಥ ಹೇಳುತ್ತಾರೆ. ಹೃದಯದ ಆಕಾರ ಇದ್ದರೆ ಚಿನ್ನವಂತೆ. ಆಮೆಯ ಆಕಾರ ಇದ್ದರೆ ನಿಧಿ ಹತ್ತಿರವೇ ಇದೆಯಂತೆ. ಬಾಣದ ಮೊನೆಯ ಹಾಗೆ ಕಂಡರೆ ಆ ಕಡೆ ಹೋಗಬೇಕಂತೆ. ಕಲ್ಲಿನ ಮೇಲೆ ಕಲ್ಲು ಕೂತಿದ್ದರೆ ಅದೂ ಒಂದು ಗುರುತಂತೆ.

ಸ್ಪೇನಿನವರು ಗುರುತು ಮಾಡುತ್ತಲೇ ಇರಲಿಲ್ಲವೇ? ಮಾಡುತ್ತಿದ್ದರು. ಗಣಿಯ ಎಲ್ಲೆಗೆ ಗುರುತು ನೆಡುತ್ತಿದ್ದರು. ನಾವು ಹೊಲದ ಬದುವಿಗೆ ಕಲ್ಲು ನೆಡುತ್ತೇವಲ್ಲ, ಹಾಗೆ. ಅದು ಎಲ್ಲರಿಗೂ ಕಾಣಲಿ ಎಂದು ನೆಟ್ಟ ಗುರುತು. ಗುಟ್ಟಿನದ್ದಲ್ಲ.

ಇನ್ನೊಂದು ಮಾತು. ಸ್ಪೇನಿನ ರಾಜ ಲೆಕ್ಕದಲ್ಲಿ ಬಹಳ ಬಿಗಿ. ಗಣಿಯಲ್ಲಿ ಸಿಕ್ಕ ಬೆಳ್ಳಿ ಬಂಗಾರದಲ್ಲಿ ರಾಜನಿಗೆ ಪಾಲು ಕೊಡಬೇಕಿತ್ತು. ಮೊದಮೊದಲು ಆ ಪಾಲು ಐದರಲ್ಲಿ ಒಂದು. ಅದಕ್ಕಾಗಿ ಗಣಿ, ತೂಕ, ತೆರಿಗೆ ಎಲ್ಲವನ್ನೂ ಕಾಗದದಲ್ಲಿ ಬರೆದಿಡುತ್ತಿದ್ದರು. ಸ್ಪೇನಿನ ಸೆವಿಲ್ ಎಂಬ ಊರಿನಲ್ಲಿ 1785ರಲ್ಲಿ ಒಂದು ದೊಡ್ಡ ದಾಖಲೆ ಮನೆ ಶುರುವಾಯಿತು. ಆ ಹಳೆಯ ಕಾಗದಗಳು ಇವತ್ತೂ ಅಲ್ಲಿವೆ. ಇಷ್ಟೊಂದು ಬರೆದಿಟ್ಟ ಜನ, ಗಣಿಯ ದಾರಿಯನ್ನು ಮಾತ್ರ ಆಮೆ, ಕುದುರೆ ಬಂಡೆಗಳಲ್ಲಿ ಯಾಕೆ ಅಡಗಿಸಿಡುತ್ತಾರೆ? ನೀವೇ ಯೋಚಿಸಿ.

ಅಂಗಡಿ ಮಾರಿದ ಜೂಲಿಯಾ

ಅರಿಜೋನಾ ರಾಜ್ಯದಲ್ಲಿ ಫೀನಿಕ್ಸ್ ಎಂಬ ನಗರವಿದೆ. ಅದರ ಪೂರ್ವಕ್ಕೆ ಒಂದು ಬೆಟ್ಟಸಾಲು ಇದೆ. ಅದರ ಹೆಸರು ಸೂಪರ್‌ಸ್ಟಿಷನ್ ಬೆಟ್ಟ. ಆ ಮಾತಿಗೆ ಕನ್ನಡದಲ್ಲಿ ಮೂಢನಂಬಿಕೆ ಅಂತ ಅರ್ಥ! ಹೆಸರಿಗೆ ತಕ್ಕ ಹಾಗೆ ಅಲ್ಲಿ ನಿಧಿಯ ಕಥೆಗಳು ಬೇಕಾದಷ್ಟಿವೆ.

ಜೇಕಬ್ ವಾಲ್ಟ್ಜ್ ಎಂಬ ಜರ್ಮನಿಯ ಮುದುಕ ಫೀನಿಕ್ಸ್‌ನಲ್ಲಿದ್ದ. ಅವನಿಗೆ ಬೆಟ್ಟದಲ್ಲಿ ಚಿನ್ನದ ಗಣಿ ಗೊತ್ತಿತ್ತು ಎಂದು ಜನ ಹೇಳುತ್ತಿದ್ದರು. ಕಾಯಿಲೆ ಬಿದ್ದಾಗ ಅವನನ್ನು ನೋಡಿಕೊಂಡವಳು ಜೂಲಿಯಾ ಥಾಮಸ್ ಎಂಬ ಹೆಂಗಸು. ಅವಳದು ಸಿಹಿ ತಿಂಡಿಯ ಅಂಗಡಿ. ದುಡಿದು ತಿನ್ನುವವಳು. 1891ರ ಅಕ್ಟೋಬರ್‌ನಲ್ಲಿ ಮುದುಕ ಅವಳ ಮನೆಯಲ್ಲೇ ತೀರಿಕೊಂಡ. ಸಾಯುವ ಮುಂಚೆ ಗಣಿಯ ಗುರುತುಗಳನ್ನು ಅವಳಿಗೆ ಹೇಳಿದ ಎಂಬುದು ಕಥೆ.

ಜೂಲಿಯಾ ಅದನ್ನು ನಂಬಿದಳು. ನಡೆಯುತ್ತಿದ್ದ ಅಂಗಡಿಯನ್ನು ಮಾರಿದಳು. 1892ರ ಬೇಸಿಗೆಯಲ್ಲಿ ಇಬ್ಬರು ಅಣ್ಣತಮ್ಮಂದಿರನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಟಳು. ಅಲ್ಲಿನ ಬೇಸಿಗೆ ಅಂದರೆ ನಮ್ಮ ರಾಯಚೂರು ಕಲಬುರಗಿಯ ಬಿಸಿಲಿನ ಹಾಗೆ. ವಾರಗಟ್ಟಲೆ ಅಲೆದರು. ಹೇಳಿದ ಗುರುತಿನ ಬಂಡೆ ಇಲ್ಲೂ ಇದೆ, ಅಲ್ಲೂ ಇದೆ ಅನ್ನುವ ಹಾಗಾಯಿತು. ಗಣಿ ಸಿಗಲಿಲ್ಲ. ಬೆಟ್ಟ ಅಗೆದರೂ ಇಲಿ ಕೂಡ ಸಿಗಲಿಲ್ಲ! ಕೈಯಲ್ಲಿದ್ದ ಅಂಗಡಿಯೂ ಹೋಗಿತ್ತು.

ಆಮೇಲೆ ಆಕೆ ಗಣಿಯ ನಕ್ಷೆ ಮಾಡಿ ಮಾರಿದಳು ಎನ್ನುತ್ತಾರೆ. ಸ್ವಲ್ಪ ನಿಂತು ಯೋಚಿಸಿ ಅಕ್ಕಂದಿರೇ. ನಕ್ಷೆ ನಿಜವಾಗಿದ್ದರೆ ಅವಳೇ ಹೋಗಿ ಚಿನ್ನ ತರುತ್ತಿರಲಿಲ್ಲವೇ? ನಿಧಿಯ ನಕ್ಷೆಯಿಂದ ದುಡ್ಡು ಬರುವುದು ಅದನ್ನು ಕೊಂಡವರಿಗಲ್ಲ, ಮಾರಿದವರಿಗೆ.

ಜೂಲಿಯಾ ಜೀವಸಹಿತ ಬಂದಳು. ಎಲ್ಲರೂ ಬರಲಿಲ್ಲ. 1931ರಲ್ಲಿ ಅಡಾಲ್ಫ್ ರೂತ್ ಎಂಬ ವಯಸ್ಸಾದ ಮನುಷ್ಯ ನಕ್ಷೆ ಹಿಡಿದು ಅದೇ ಬೆಟ್ಟಕ್ಕೆ ಹೋದ. ಅವನಿಗೆ ಕಾಲು ಬೇರೆ ಊನ. ತಿಂಗಳುಗಳ ನಂತರ ಸಿಕ್ಕಿದ್ದು ಅವನ ತಲೆಬುರುಡೆ. 2010ರ ಜುಲೈನಲ್ಲೂ ಮೂವರು ಗಣಿ ಹುಡುಕಲು ಹೋದರು. 2011ರಲ್ಲಿ ಅವರ ಎಲುಬುಗಳು ಸಿಕ್ಕವು.

ಆಕಾರ ಕೊಟ್ಟವರು ಯಾರು?

ಹಾಗಾದರೆ ಬಂಡೆಗಳಿಗೆ ಆಮೆಯ ಆಕಾರ, ಹೃದಯದ ಆಕಾರ ಬಂದದ್ದು ಹೇಗೆ? ಬಿಸಿಲು, ಮಳೆ, ಗಾಳಿ, ಚಳಿ. ಇವೇ ಶಿಲ್ಪಿಗಳು.

ಹಗಲು ಬಿಸಿಲಿಗೆ ಕಲ್ಲು ಕಾಯುತ್ತದೆ, ಹಿಗ್ಗುತ್ತದೆ. ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. ಹೀಗೆ ಸಾವಿರಾರು ವರ್ಷ ಆದರೆ ಬಿರುಕು ಬಿಡುತ್ತದೆ. ಬಿರುಕಿಗೆ ನೀರು ಇಳಿಯುತ್ತದೆ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಮಂಜುಗಡ್ಡೆ ಆಗುತ್ತದೆ. ಮಂಜುಗಡ್ಡೆಗೆ ನೀರಿಗಿಂತ ಹೆಚ್ಚು ಜಾಗ ಬೇಕು. ಅದು ಕಲ್ಲನ್ನು ಸೀಳುತ್ತದೆ. ಮೆತ್ತಗಿನ ಭಾಗ ಸವೆದು ಹೋಗುತ್ತದೆ. ಗಟ್ಟಿ ಭಾಗ ಉಳಿಯುತ್ತದೆ. ಉಳಿದದ್ದು ಯಾವುದೋ ಒಂದು ಆಕಾರ ತಾನೇ?

ಸೂಪರ್‌ಸ್ಟಿಷನ್ ಬೆಟ್ಟದ ಕಲ್ಲು ಜ್ವಾಲಾಮುಖಿಯಿಂದ ಬಂದದ್ದು. ಸುಮಾರು 2 ಕೋಟಿ ವರ್ಷದ ಹಿಂದೆ ಅಲ್ಲಿ ಬೆಂಕಿ ಬೆಟ್ಟಗಳು ಉಕ್ಕಿದ್ದವು. ಆ ಬೂದಿ, ಆ ಕರಗಿದ ಕಲ್ಲು ಗಟ್ಟಿಯಾಗಿ ಬೆಟ್ಟವಾಯಿತು. ಅಲ್ಲಿ ವೀವರ್ಸ್ ನೀಡಲ್ ಎಂಬ ಎತ್ತರದ ಕಲ್ಲಿನ ಕಂಬವಿದೆ. ನೀಡಲ್ ಅಂದರೆ ಸೂಜಿ. ಸುತ್ತಲಿನ ಕಲ್ಲು ಸವೆದು ಅದೊಂದು ನಿಂತಿದೆ. "ಸಂಜೆ ನಾಲ್ಕು ಗಂಟೆಗೆ ಆ ಸೂಜಿಯ ನೆರಳು ಬೀಳುವಲ್ಲಿ ಗಣಿ ಇದೆ" ಎಂದು ಕಥೆ ಹೇಳುವವರಿದ್ದಾರೆ. ಅಕ್ಕಂದಿರೇ, ನಮಗೆ ನೆರಳಿನ ಲೆಕ್ಕ ಗೊತ್ತಿಲ್ಲವೇ? ಬೇಸಿಗೆಯಲ್ಲಿ ಅಂಗಳದ ನೆರಳು ಒಂದು ಕಡೆ, ಚಳಿಗಾಲದಲ್ಲಿ ಇನ್ನೊಂದು ಕಡೆ. ಯಾವ ತಿಂಗಳ ನಾಲ್ಕು ಗಂಟೆ ಎಂದು ಕಥೆ ಹೇಳುವುದೇ ಇಲ್ಲ!

ಆ ಬೆಟ್ಟದ ಪಕ್ಕದ ಗೋಲ್ಡ್‌ಫೀಲ್ಡ್ ಎಂಬಲ್ಲಿ 1890ರ ದಶಕದಲ್ಲಿ ಚಿನ್ನ ಸಿಕ್ಕಿದ್ದು ನಿಜ. ಅದು ಕಲ್ಲನ್ನು ಒಡೆದು, ಅರೆದು, ತೆಗೆದ ಚಿನ್ನ. ನಮ್ಮ ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಇವತ್ತೂ ಚಿನ್ನ ತೆಗೆಯುತ್ತಾರೆ. ಒಂದು ಟನ್ ಕಲ್ಲು ಅರೆದರೆ ಸಿಗುವುದು ಕೆಲವೇ ಗ್ರಾಂ. ಚಿನ್ನ ಇದೆಯೋ ಇಲ್ಲವೋ ಎಂದು ಹೇಳುವುದು ಕಲ್ಲಿನ ಒಳಗಿನ ಪರೀಕ್ಷೆ, ಹೊರಗಿನ ಆಕಾರ ಅಲ್ಲ.

ಸೋಲೇ ಇಲ್ಲದ ಮಾತು

ಗುರುತು ಓದುವವರ ಮಾತಿನಲ್ಲಿ ಒಂದು ಚಮತ್ಕಾರ ಇದೆ. ಅವರ ಮಾತು ಯಾವತ್ತೂ ಸುಳ್ಳಾಗುವುದಿಲ್ಲ. ಹೇಗೆ ಅಂತೀರಾ?

ಬಾಣ ತೋರಿಸಿದ ಕಡೆ ಅಗೆದರೂ ಏನೂ ಸಿಗಲಿಲ್ಲ ಅನ್ನಿ. "ಅದು ಮೋಸದ ಬಾಣ. ಕಳ್ಳರ ದಾರಿ ತಪ್ಪಿಸಲು ಇಟ್ಟದ್ದು" ಅನ್ನುತ್ತಾರೆ. ಇನ್ನೊಂದು ಕಡೆ ಅಗೆಸುತ್ತಾರೆ. ಅಲ್ಲೂ ಇಲ್ಲ. "ಯಾರೋ ಮೊದಲೇ ತೆಗೆದುಕೊಂಡು ಹೋಗಿದ್ದಾರೆ" ಅನ್ನುತ್ತಾರೆ. ಸಿಕ್ಕರೂ ಅವರ ಮಾತು ನಿಜ, ಸಿಗದಿದ್ದರೂ ನಿಜ! ಅಕ್ಕಿ ಅಳೆಯುವಾಗ ಸೇರು ಒಂದೇ ಇರಬೇಕು. ಬೇಕಾದ ಹಾಗೆ ಹಿಗ್ಗುವ, ಕುಗ್ಗುವ ಸೇರಿನಲ್ಲಿ ಅಳೆದರೆ ಒಪ್ಪುತ್ತೀರಾ?

ಒಂದು ಬೆಟ್ಟದಲ್ಲಿ ಲಕ್ಷಗಟ್ಟಲೆ ಕಲ್ಲುಗಳಿರುತ್ತವೆ. ಹುಡುಕುತ್ತಾ ಹೋದರೆ ಆಮೆ ಸಿಗುತ್ತದೆ, ಮೊಲ ಸಿಗುತ್ತದೆ, ಅತ್ತೆಯ ಮುಖವೂ ಸಿಗುತ್ತದೆ. ಸಿಗದೇ ಇದ್ದರೆ ಆಶ್ಚರ್ಯ!

ನಿಜವಾಗಿ ಬರೆದ ಬಂಡೆ

ಸ್ಪೇನಿನವರು ಬಂಡೆಯ ಮೇಲೆ ನಿಜವಾಗಿ ಬರೆದದ್ದೂ ಇದೆ. ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಎಲ್ ಮೊರೊ ಎಂಬ ದೊಡ್ಡ ಬಂಡೆ ಇದೆ. ಅದರ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಬರಹ, ಚಿತ್ರಗಳಿವೆ. ಅಲ್ಲಿನ ಮೂಲನಿವಾಸಿಗಳು ಕೆತ್ತಿದ ಚಿತ್ರಗಳಿವೆ. ಸ್ಪೇನಿನವರು ಕೆತ್ತಿದ ಅಕ್ಷರಗಳಿವೆ. 1605ರಲ್ಲಿ ಒನ್ಯಾತೆ ಎಂಬ ಅಧಿಕಾರಿ ಬರೆಸಿದ ಸಾಲು ಇವತ್ತೂ ಓದಲು ಸಿಗುತ್ತದೆ. ಅದರಲ್ಲಿ ಏನಿದೆ? ನಿಧಿಯ ಸುದ್ದಿಯೇ? ಅಲ್ಲ. ಅವನ ಹೆಸರು, ತಾರೀಖು, ಸಮುದ್ರ ನೋಡಿಕೊಂಡು ಈ ದಾರಿಯಲ್ಲಿ ಹೋದೆ ಎಂಬ ಮಾತು. ಅಷ್ಟೇ.

ಎಲ್ಲರೂ ಅಲ್ಲೇ ಯಾಕೆ ನಿಂತರು? ಬಂಡೆಯ ಬುಡದಲ್ಲಿ ಒಂದು ನೀರಿನ ಹೊಂಡ ಇದೆ. ಮರುಭೂಮಿಯಂಥ ಸೀಮೆಯಲ್ಲಿ ದಾರಿ ನಡೆದವರಿಗೆ ಅದೇ ನಿಧಿ. ಕೊಡ ಹೊತ್ತು ನೀರಿಗೆ ನಡೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವ್ಯತ್ಯಾಸ ಗೊತ್ತಾಯಿತೇ? ಅಕ್ಷರ ಓದಿದರೆ ಬರೆದವನ ಮಾತು ತಿಳಿಯುತ್ತದೆ. ಬರೀ ಆಕಾರ ಓದಿದರೆ ನಮ್ಮ ಆಸೆಯೇ ನಮಗೆ ಕೇಳಿಸುತ್ತದೆ.

ನಮ್ಮ ಊರಿನ ಕಲ್ಲುಗಳು

ಕರ್ನಾಟಕದಲ್ಲೂ ಇದೇ ರೋಗ ಇದೆ. ಇಲ್ಲಿ ಕಷ್ಟಕ್ಕೆ ಸಿಕ್ಕಿರುವುದು ನಮ್ಮ ವೀರಗಲ್ಲು, ಮಾಸ್ತಿಕಲ್ಲು, ಶಾಸನದ ಕಲ್ಲುಗಳು. ನಿಧಿಗಳ್ಳರು ರಾತ್ರಿ ಬಂದು ಇವುಗಳನ್ನು ಕಿತ್ತು ಹಾಕುತ್ತಾರೆ. ಪಾಳು ಗುಡಿಯ ಬಸವನನ್ನು ಉರುಳಿಸುತ್ತಾರೆ. ಲಿಂಗದ ಬುಡ ಅಗೆಯುತ್ತಾರೆ.

"ಕಲ್ಲಿನ ಮೇಲೆ ಸೂರ್ಯ ಚಂದ್ರ ಇದ್ದರೆ ಕೆಳಗೆ ನಿಧಿ" ಎಂದು ಅವರ ಮಾತು. ನಿಜವಾದ ಅರ್ಥ ಬೇರೆ. ಸೂರ್ಯ ಚಂದ್ರ ಇರುವ ತನಕ ಈ ಹೆಸರು, ಈ ದಾನ ಉಳಿಯಲಿ ಎಂಬ ಹಾರೈಕೆ ಅದು. ವೀರಗಲ್ಲು ಊರಿನ ದನ ಉಳಿಸಲು, ಹೆಂಗಸರ ಮಾನ ಕಾಯಲು ಹೋರಾಡಿ ಸತ್ತವನ ನೆನಪು. ಕೆಳಗಿನ ಪಟ್ಟಿಯಲ್ಲಿ ಕಾಳಗ ಇರುತ್ತದೆ. ನಡುವೆ ದೇವಕನ್ಯೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಅವನು ದೇವರ ಮುಂದೆ ಇರುತ್ತಾನೆ. ಮಾಸ್ತಿಕಲ್ಲಿನ ಬಳೆ ತೊಟ್ಟ ಕೈ ನಿಧಿಯ ದಿಕ್ಕು ತೋರಿಸುವ ಕೈ ಅಲ್ಲ. ಗಂಡನ ಚಿತೆಯಲ್ಲಿ ಬೆಂದ ಹೆಣ್ಣಿನ ನೆನಪು ಅದು. ಅವಳ ಬಾಳಿನ ಕಥೆ ಹೇಳಲು ಉಳಿದಿರುವುದು ಅದೊಂದೇ ಕಲ್ಲು. ಅದನ್ನೂ ಒಡೆದರೆ ಏನು ಉಳಿಯಿತು?

ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಸಿಕ್ಕ ಶಾಸನ ಸುಮಾರು ಕ್ರಿ.ಶ. 450ರದು. ತುಂಬಾ ಹಳೆಯ ಕನ್ನಡ ಬರಹಗಳಲ್ಲಿ ಅದೂ ಒಂದು. ಯಾರೋ ಆ ಕಲ್ಲನ್ನು ಒಡೆದು ಹಾಕಿದ್ದರೆ? ನಮ್ಮ ಅಕ್ಷರಕ್ಕೆ ಅಷ್ಟು ವಯಸ್ಸು ಎಂಬುದಕ್ಕೆ ಒಂದು ದೊಡ್ಡ ಸಾಕ್ಷಿ ಹೋಗುತ್ತಿತ್ತು. ನಿಧಿ ಅಂದರೆ ಅದು.

ಪಾಯ ತೋಡುವಾಗ, ಹೊಲ ಉಳುವಾಗ ಎಲ್ಲೋ ಒಮ್ಮೆ ಹಳೆಯ ನಾಣ್ಯ ಸಿಕ್ಕಿದ್ದುಂಟು. ಅದು ಆಕಸ್ಮಿಕ. ಹಾಗೆ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಮುಚ್ಚಿಟ್ಟರೆ ಅಪರಾಧ. ನಿಧಿಗಾಗಿ ವಾಮಾಚಾರ, ಅಮಾನುಷ ಕೆಲಸ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ. ಬಲಿ ಎಂದು ಯಾರಾದರೂ ಮಗುವಿನ ಕಡೆ, ಹೆಣ್ಣಿನ ಕಡೆ ಕಣ್ಣು ಹಾಕಿದರೆ ಸುಮ್ಮನಿರಬೇಡಿ. ತಕ್ಷಣ 112ಕ್ಕೆ ಫೋನ್ ಮಾಡಿ.

ಕೇಳಬೇಕಾದ ಪ್ರಶ್ನೆಗಳು

ಮನೆಗೆ ಒಬ್ಬ ಬಂದು, "ನಿಮ್ಮ ಹೊಲದ ಕಲ್ಲಿನಲ್ಲಿ ಗುರುತು ಇದೆ. ಪೂಜೆಗೆ ಹತ್ತು ಸಾವಿರ ಕೊಡಿ" ಅನ್ನುತ್ತಾನೆ. ಮನೆಯವರು ಕಿವಿಯ ಓಲೆ ಬಿಚ್ಚಿಕೊಡು ಅನ್ನುತ್ತಾರೆ. ಬಿಚ್ಚುವ ಮುಂಚೆ ಈ ಪ್ರಶ್ನೆ ಕೇಳಿ.

1. ಈ ಗುರುತು ಮನುಷ್ಯ ಮಾಡಿದ್ದೋ, ಮಳೆ ಬಿಸಿಲು ಮಾಡಿದ್ದೋ? ಉಳಿಯ ಪೆಟ್ಟು ಎಲ್ಲಿದೆ?

2. ಮನುಷ್ಯ ಮಾಡಿದ್ದಾದರೆ ಯಾರು, ಯಾವಾಗ, ಯಾಕೆ ಮಾಡಿದರು? ಶಾಸನ ಓದಬಲ್ಲವರಿಗೆ ತೋರಿಸಿದ್ದೀರಾ?

3. ಇಂಥದೇ ಗುರುತು ಇದ್ದ ಕಡೆ ಮೊದಲು ಯಾರಿಗೆ ಏನು ಸಿಕ್ಕಿದೆ? ಅವರನ್ನು ನಮಗೆ ತೋರಿಸುತ್ತೀರಾ?

4. ಅಗೆದು ಏನೂ ಸಿಗದಿದ್ದರೆ ನಿಮ್ಮ ಮಾತು ಸುಳ್ಳು ಅಂತ ಒಪ್ಪುತ್ತೀರಾ? ದುಡ್ಡು ವಾಪಸ್ ಕೊಡುತ್ತೀರಾ? ಕಾಗದದಲ್ಲಿ ಬರೆದುಕೊಡಿ.

5. ಅಷ್ಟು ಚಿನ್ನ ಎಲ್ಲಿದೆ ಅಂತ ಗೊತ್ತಿರುವವರು ನಮ್ಮ ಓಲೆ ಯಾಕೆ ಕೇಳುತ್ತೀರಿ?

ಐದನೇ ಪ್ರಶ್ನೆಗೆ ಇಲ್ಲಿಯವರೆಗೆ ಯಾವ ನಿಧಿ ಮಂತ್ರವಾದಿಯೂ ನೆಟ್ಟಗೆ ಉತ್ತರ ಕೊಟ್ಟದ್ದನ್ನು ನಾವು ಕೇಳಿಲ್ಲ.

ಜೂಲಿಯಾಳ ತಿಂಡಿ ಅಂಗಡಿ ದೊಡ್ಡದಲ್ಲ. ಆದರೆ ದಿನಾ ನಾಲ್ಕು ಕಾಸು ತರುತ್ತಿತ್ತು. ನಮ್ಮ ಎರಡು ಕುರಿ, ಒಂದು ಎಮ್ಮೆ, ಸಂಘದ ಉಳಿತಾಯ, ಹೊಲಿಗೆ ಯಂತ್ರ ಕೂಡ ಹಾಗೆಯೇ. ಕಾಣದ ಕೊಪ್ಪರಿಗೆಗಾಗಿ ಕೈಯಲ್ಲಿರುವ ಕಾಸು ಬಿಡಬಾರದು.

ಮಾತಾಡೋಣ

ನಿಮ್ಮ ಊರಿನ ಸುತ್ತ ಯಾವ ಯಾವ ಹಳೆಯ ಕಲ್ಲುಗಳಿವೆ? ಅವುಗಳ ಮೇಲೆ ಅಕ್ಷರ ಇದೆಯೇ, ಚಿತ್ರ ಇದೆಯೇ?

ಆ ಕಲ್ಲಿನ ಬಗ್ಗೆ ಊರಿನ ಹಿರಿಯರು ಏನು ಹೇಳುತ್ತಾರೆ? ಕೇಳಿ, ನಿಮ್ಮ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಿರಿ.

ಆ ಕಲ್ಲನ್ನು ಕಾಪಾಡಲು ನಿಮ್ಮ ಸಂಘ ಏನು ಮಾಡಬಹುದು?